ಬಲಗಾಲಿನ ಜೋಡು

ಮರಿಸ್ವಾಮಿ ತೀರಿಕೊಂಡ ಸುದ್ದಿ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಒಂಬತ್ತು ಗಂಟೆಯ ಹೊತ್ತಿಗೆ. ಪುಷ್ಯ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಅವನ ಹೆಂಡತಿ ಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ನೆನೆದ ಅವರೆಕಾಳನ್ನು ಹಿದುಕುತ್ತಿದ್ದಳು. ಬಂದ ಮೇಲೆ ಹಿದುಕಿದ ಬೇಳೆ ಸಾರು ಬೇಕು ಎಂದು ಹೇಳಿಯೇ ಅವನು ಸೈಕಲ್ ಹತ್ತಿದ್ದ.

ಗೇಟಿನ ಸದ್ದಾಯಿತು. ಗಂಡನೇ ಬಂದನೆಂದು ತಲೆಯೆತ್ತಿದರೆ ಅಲ್ಲಿ ನಿಂತಿದ್ದವಳು ಧರಣಿ. ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತರ ಹತ್ತಿರದ ಹೆಂಗಸು. ಭಾನುವಾರದ ಸೈಕಲ್ ತಂಡಕ್ಕೆ ಅವಳೇ ಮುಂದಾಳು. ತಲೆಯ ಹೆಲ್ಮೆಟ್ಟನ್ನು ತೆಗೆಯುವುದನ್ನೇ ಮರೆತಿದ್ದಳು.

"ಬಿದ್ರಾ?" ಎಂದು ಲಕ್ಷ್ಮಮ್ಮ ಕೇಳಿದಳು.

ಧರಣಿ ಗೇಟು ದಾಟಿ ಒಳಗೆ ಬಂದಳು. ಮೆಟ್ಟಿಲ ಮೇಲೆ ಕುಸಿದು ಕೂತು ಲಕ್ಷ್ಮಮ್ಮನ ಎರಡೂ ಕೈ ಹಿಡಿದುಕೊಂಡಳು. ಕೈತುಂಬ ಅವರೆಯ ಸಿಪ್ಪೆ. ಲಕ್ಷ್ಮಮ್ಮನಿಗೆ ಗೊತ್ತಾಯಿತು.

ಮಧ್ಯಾಹ್ನಕ್ಕೆ ಮೊದಲು ಆಂಬುಲೆನ್ಸ್‌ನಲ್ಲಿ ದೇಹ ಬಂತು. ಅದಾದ ಮೇಲೆ ಲಗೇಜ್ ಆಟೋದಲ್ಲಿ ಸೈಕಲ್ ಬಂತು. ಅದನ್ನು ಇಳಿಸುವಾಗ ವಿಜಯನಗರದ ಆ ಬೀದಿಯ ಜನರೆಲ್ಲ ಒಂದು ವಿಚಿತ್ರ ಕಂಡರು. ಸೈಕಲ್ಲಿನ ಬಲಗಡೆಯ ಪೆಡಲ್ ಮೇಲೆ ಒಂದು ಕಾಲಿನ ಜೋಡು ಹಾಗೆಯೇ ಕಚ್ಚಿಕೊಂಡು ನಿಂತಿತ್ತು, ಒಳಗೆ ಇನ್ನೂ ಒಂದು ಪಾದ ಇರುವ ಹಾಗೆ.

ತಂಡದಿಂದ ಹಿಂದುಳಿದಿದ್ದ ಮರಿಸ್ವಾಮಿಯನ್ನು ಮೊದಲು ಕಂಡವನು ಚೆಲುವಯ್ಯ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ, ಬಸ್ಸಿಳಿದು ಊರಿಗೆ ನಡೆದು ಹೋಗುತ್ತಿದ್ದ ಕೆಲಸಗಾರ. ಅವನು ಮನೆಯವರೆಗೂ ಬಂದು ಕೈಮುಗಿದು ಹೇಳಿದ: "ಹನುಮಪ್ಪನ ಗುಡಿ ಏರ್‌ನಲ್ಲಿ, ಹೊಂಗೆ ಮರದ ತಾವ ಬಿದ್ದಿದ್ರು ಕಣವ್ವ. ಎಡಗಾಲು ಬಿಟ್ಕಂಡಿತ್ತು. ಬಲಗಾಲು ಸೈಕಲ್‌ಗೆ ಕಚ್ಕಂಡ್ಬುಟ್ಟಿತ್ತು. ಎಳದೆ, ಎಳದೆ, ಬರ್ನಿಲ್ಲ. ಕೊನೆಗೆ ಜೋಡಿನ ಪಟ್ಟಿ ಬಿಚ್ಚಿ ಕಾಲು ಈಚೆಗೆ ತಗದೆ. ಅಷ್ಟೊತ್ತಿಗಾಗ್ಲೇ ಜೀವ ಇರ್ನಿಲ್ಲ."

ಎದೆ ನಿಂತು ಹೋಗಿದೆ ಎಂದು ವೈದ್ಯರು ಬರೆದುಕೊಟ್ಟರು. ಆದರೆ ಮರಿಸ್ವಾಮಿಯ ಅಣ್ಣ ಕೆಂಪಯ್ಯ ಆ ಕಾಗದ ನೋಡಲಿಲ್ಲ. ಅವನು ನೋಡಿದ್ದು ಪೆಡಲ್ ಮೇಲಿನ ಜೋಡನ್ನು.

"ನನ್ನ ತಮ್ಮನ್ನ ಎದೆ ಸಾಯಿಸ್ನಿಲ್ಲ ಕಣ್ರಯ್ಯ, ಈ ಜೋಡು ಸಾಯಿಸ್ತು. ಎದೆ ಹಿಡ್ಕಂಡಾಗ ಕೆಳಗಿಳಿಯೋಕೂ ಆಗ್ದೆ, ಕಟ್ಟಾಕಿದ ಕರು ಒದ್ದಾಡ್ದಂಗೆ ಒದ್ದಾಡಿ ಸತ್ತವ್ನೆ."

ಈ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಬಂದವರೆಲ್ಲ ಲಕ್ಷ್ಮಮ್ಮನ ಕೈ ಹಿಡಿದು ಅದನ್ನೇ ಹೇಳಿದರು. ಗಂಡ ಸತ್ತ ದುಃಖವನ್ನು ಅವಳು ಹೇಗೋ ತಡೆದುಕೊಂಡಾಳು. ಅವನು ಒದ್ದಾಡಿ ಸತ್ತನೆಂಬ ಮಾತನ್ನು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿದರೆ ಒಂದು ಪಾದ ಕಾಣುತ್ತಿತ್ತು, ಜಗ್ಗುತ್ತಿರುವ, ಬಿಡಿಸಿಕೊಳ್ಳಲಾರದ ಪಾದ. ದೇವರ ಮುಂದೆ ಕೂತರೂ ಅದೇ.

ಮರಿಸ್ವಾಮಿ ಮೂವತ್ತೆರಡು ವರ್ಷ ಹೆಬ್ಬಾಳದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತಿದ್ದವನು. ನಿವೃತ್ತನಾದ ಮೇಲೆ ಮಣ್ಣುದಾರಿ, ಕಲ್ಲುದಾರಿಯಲ್ಲಿ ಓಡಿಸುವ ದಪ್ಪ ಟೈರಿನ ಸೈಕಲ್ ತಂದ. ಮರುವರ್ಷ ಆ ಜೋಡು ತಂದ. ಅದರ ಅಡಿಯಲ್ಲಿ ಒಂದು ಉಕ್ಕಿನ ಚೂರು. ಪೆಡಲ್ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತಿತ್ತು. ಹನುಮಪ್ಪನ ಗುಡಿಯ ಏರನ್ನು ನಡುವೆ ಎಲ್ಲೂ ನಿಲ್ಲದೆ ಹತ್ತಬೇಕೆಂಬುದು ಅವನ ಹಟ. ಪ್ರತಿ ಭಾನುವಾರವೂ ಅರ್ಧಕ್ಕೇ ನಿಂತು ಬರುತ್ತಿದ್ದ.

"ಕಾಲು ಯಾಕೆ ಕಟ್ಟಾಕ್ಕೋತೀರಿ?" ಎಂದು ಲಕ್ಷ್ಮಮ್ಮ ಆಗ ಕೇಳಿದ್ದಳು.

"ಬರೀ ತುಳಿಯೋದಲ್ಲ ಕಣೆ, ಕಾಲು ಮೇಲಕ್ಕೆತ್ತೋದೂ ಕೆಲ್ಸಕ್ಕೆ ಬತ್ತದೆ. ನಿಂಗೆ ಗೊತ್ತಾಗಲ್ಲ ಬುಡು" ಎಂದಿದ್ದ.

ಗೊತ್ತಾಗಲ್ಲ ಬುಡು ಎಂದವನು ಈಗ ತಿಳಿಸಿ ಹೇಳಲು ಇರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಕೆಂಪಯ್ಯನ ಮಗ ಮಹೇಶನೇ ಕರ್ಮಕ್ಕೆ ಕೂತ. ಹನ್ನೊಂದನೆಯ ದಿನದ ತಿಥಿಯಲ್ಲಿ, ಸತ್ತವರು ಹೋಗುವ ದಾರಿಯಲ್ಲಿ ಕಾಲು ಸುಡಬಾರದೆಂದು ಪುರೋಹಿತರಿಗೆ ಪಾದರಕ್ಷೆ ದಾನ ಕೊಡುವುದು ಪದ್ಧತಿ. ಬಿಸಿಲಿಗೆ ಕೊಡೆ, ಬಾಯಾರಿಕೆಗೆ ತಂಬಿಗೆ, ಆಸರೆಗೆ ಒಂದು ಕೋಲು. ಕೊಡೆ, ತಂಬಿಗೆ, ಕೋಲು ಎಲ್ಲ ಬಂದಿದ್ದವು. ಚಪ್ಪಲಿ ತರುವುದನ್ನು ಕೆಂಪಯ್ಯ ಮರೆತಿದ್ದ. ಶಾಸ್ತ್ರಿಗಳು ಮಂತ್ರ ಶುರುಮಾಡಿಯಾಗಿತ್ತು.

ಕೆಂಪಯ್ಯ ಮಗನ ಕಿವಿಯಲ್ಲಿ, "ಆ ಸೈಕಲ್ ಜೋಡು ತಾ. ಅವನಿಗೆ ಅಚ್ಚುಮೆಚ್ಚು. ಮನೆಯಿಂದ್ಲೂ ತೊಲಗಲಿ" ಎಂದ.

ಎಡಗಾಲಿನದು ಸಿಕ್ಕಿತು. ಬಲಗಾಲಿನದು ಇನ್ನೂ ಪೆಡಲ್ ಮೇಲೇ ಇತ್ತು. ಮಹೇಶ ಮೇಲಕ್ಕೆ ಜಗ್ಗಿದ, ಮುಂದಕ್ಕೆ ಜಗ್ಗಿದ. ಕೊನೆಗೆ ಸಿಟ್ಟಿನಿಂದ ಪಕ್ಕಕ್ಕೆ ಒಂದು ಒದೆ ಕೊಟ್ಟ. ಟಕ್ ಎಂದು ಕೈಗೆ ಬಂತು. ಎರಡನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟರು. ಲಕ್ಷ್ಮೀನರಸಿಂಹ ಶಾಸ್ತ್ರಿಗಳು ಅದನ್ನೊಮ್ಮೆ ನೋಡಿದರು, ಕೆಂಪಯ್ಯನನ್ನೊಮ್ಮೆ ನೋಡಿದರು, ಮಂತ್ರ ನಿಲ್ಲಿಸದೆ ಸ್ವೀಕರಿಸಿದರು.

ಒಳಕೋಣೆಯಲ್ಲಿದ್ದ ಲಕ್ಷ್ಮಮ್ಮನಿಗೆ ಇದು ತಿಳಿದದ್ದು ಎಲ್ಲರೂ ಉಂಡು ಹೋದ ಮೇಲೆ. ಅದಾದ ಮೂರು ವಾರಗಳಲ್ಲಿ ಅವಳ ಮನಸ್ಸಿನಲ್ಲಿ ಒಂದು ನಿರ್ಧಾರ ಬೆಳೆಯಿತು. ಆ ಜೋಡು ಕಾಲನ್ನು ಬಿಡುತ್ತದೆಯೋ ಇಲ್ಲವೋ ಎಂಬುದನ್ನು ಬೀದಿಯ ಬಾಯಿಂದ ಕೇಳಬೇಕಾಗಿಲ್ಲ, ತನ್ನ ಕಾಲಿನಿಂದಲೇ ಕೇಳುತ್ತೇನೆ ಎಂದುಕೊಂಡಳು. ಜೋಡಿನ ಅಳತೆಯ ಚಿಂತೆ ಅವಳಿಗಿರಲಿಲ್ಲ. ಅವಳದು ದೊಡ್ಡ ಪಾದ. ಹೆಂಗಸರ ಚಪ್ಪಲಿ ಯಾವ ಅಂಗಡಿಯಲ್ಲೂ ಅವಳಿಗೆ ಆಗುತ್ತಿರಲಿಲ್ಲ. ಮದುವೆಯಲ್ಲಿ ಸಪ್ತಪದಿ ತುಳಿಯುವಾಗಲೇ, "ಹೆಣ್ಣಿನ ಕಾಲು ಗಂಡಿನ ಕಾಲ್ಗಿಂತ ದೊಡ್ಡದು" ಎಂದು ಕೆಂಪಯ್ಯ ನಗೆಯಾಡಿದ್ದ. ಮೂವತ್ತೈದು ವರ್ಷ ಗಂಡಹೆಂಡಿರು ಒಂದೇ ಅಳತೆ ಮೆಟ್ಟಿದ್ದರು.

ತಿಂಗಳ ಮಾಸಿಕ ಕಳೆದ ಮರುದಿನ ಅವಳು ಒಂದು ಜೊತೆ ಹೊಸ ತೊಗಲಿನ ಚಪ್ಪಲಿ ಕೊಂಡು ಅಗ್ರಹಾರದಲ್ಲಿದ್ದ ಶಾಸ್ತ್ರಿಗಳ ಮನೆಗೆ ಹೋದಳು. ಶಾಸ್ತ್ರಿಗಳ ಸೊಂಟಕ್ಕೆ ಪಟ್ಟಿ ಸುತ್ತಿತ್ತು.

"ಏನಾಯ್ತು ಶಾಸ್ತ್ರಿಗಳೇ?"

"ಏನಾಗೋದಮ್ಮ, ನಿಮ್ಮನೆ ದಾನ! ಕೊಟ್ಟಿದ್ದು ಒಂದ್ಸಲವಾದ್ರೂ ಮೆಟ್ಟಬೇಕು ಅಂತ ಮೆಟ್ಟಿದೆ. ಗಾರೆ ನೆಲ. ಕುದುರೆಗೆ ಲಾಳ ಹೊಡೆದಂಗಿದೆ ಅಡಿಯಲ್ಲಿ. ಎರಡ್ಹೆಜ್ಜೆ, ಮೂರನೇದಕ್ಕೆ ಅಂಗಾತ."

ಲಕ್ಷ್ಮಮ್ಮನಿಗೆ ಒಂದು ತಿಂಗಳಲ್ಲಿ ಮೊದಲ ಸಲ ನಗು ಬಂತು. ತಡೆದುಕೊಂಡು, ಆ ಜೋಡು ಮೆಟ್ಟಿ ಸೈಕಲ್ ಹತ್ತಬೇಕು, ವಾಪಸ್ ಕೊಡಿ ಎಂದು ಕೇಳಿದಳು.

"ಅದಾಗೋದಿಲ್ಲಮ್ಮ. ದಾನ ಕೊಟ್ಟ ವಸ್ತುವನ್ನ ವಾಪಸ್ ಕೇಳಬಾರದು. ಕೊಟ್ಟೋರಿಗೆ ಪಾಪ."

"ಸರಿ, ಒಂದ್ ಮಾತು ಕೇಳ್ತೀನಿ, ನೀವೇ ಹೇಳಿ. ಪಾದರಕ್ಷೆ ದಾನ ಯಾಕೆ ಕೊಡೋದು? ಹೋದೋರು ನಡೆಯೋ ದಾರೀಲಿ ಕಾಲಿಗೆ ಆಗ್ಲಿ ಅಂತ ತಾನೆ?"

"ಹೌದು."

"ಇದ್ರಲ್ಲಿ ನಡೆಯೋಕೇ ಆಗಲ್ಲ. ಮೂರು ಹೆಜ್ಜೆಗೆ ನೀವೇ ಬಿದ್ರಿ. ನಮ್ಮನೆಯೋರು ಅಷ್ಟು ದೂರ ನಡೀಬೇಕು. ಆ ದಾರೀಲಿ ಜಾರಿ ಬಿದ್ರೆ ಎತ್ತೋರ್ಯಾರು? ಇದು ದಾನ ಆಗ್ಲೇ ಇಲ್ಲ ಶಾಸ್ತ್ರಿಗಳೇ. ಮರೆತ ತಪ್ಪಿಗೆ ತಟ್ಟೇಲಿ ಏನೋ ಒಂದು ಇಟ್ಟಿದ್ದು. ಸರಿಯಾದ ಜೋಡು ನಾನು ತಂದಿದೀನಿ, ಸಂಕಲ್ಪ ಮಾಡ್ಸಿ. ಅದನ್ನ ಕೊಟ್ಬುಡಿ."

ಶಾಸ್ತ್ರಿಗಳು ಹೊಸ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಪಂಚಪಾತ್ರೆ ತಂದರು. "ನಲವತ್ತು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ. ದಾನದ ವಸ್ತು ಪ್ರಯೋಜನಕ್ಕೆ ಬರಲ್ಲ ಅಂತ ಯಾರೂ ನನ್ನ ಮುಂದೆ ವಾದ ಹೂಡಿರ್ಲಿಲ್ಲ. ಕೂತ್ಕೊಳ್ಳಿ, ಕೈ ಚಾಚಿ" ಎಂದರು. ಹೊಸ ಚಪ್ಪಲಿಗೆ ನೀರು ಬಿಟ್ಟು ಸಂಕಲ್ಪ ಮಾಡಿಸಿದರು. ಹಳೆಯ ಜೋಡನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವಾಗ, "ಹುಷಾರಮ್ಮ. ನಾನು ನಿಂತ ನೆಲದಲ್ಲೇ ಬಿದ್ದೆ. ನೀವು ಸೈಕಲ್ ಮೇಲಿಂದ ಬೀಳ್ತೀರಿ" ಎಂದರು.

ಆ ಜೋಡಿನಲ್ಲಿ ಸೈಕಲ್ ಕಲಿಸು ಎಂದರೆ ಧರಣಿ ಮೊದಲು ಒಪ್ಪಲಿಲ್ಲ.

"ಆಂಟಿ, ನಿಮಗೆ ಐವತ್ತೆಂಟು."

"ಸೈಕಲ್ ಗೊತ್ತಿದೆ ಕಣಮ್ಮ. ಹೈಸ್ಕೂಲಿಗೆ ಮೂರು ಮೈಲಿ ಸೈಕಲ್‌ನಲ್ಲೇ ಹೋದೋಳು ನಾನು. ಆ ಜೋಡು ಮಾತ್ರ ಕಲ್ಸು."

"ಸಾದಾ ಪೆಡಲ್ ಹಾಕ್ಸಿಕೊಡ್ತೀನಿ. ಅದ್ರಲ್ಲೇ ಓಡ್ಸಿ."

"ಸಾದಾ ಪೆಡಲ್ ಯಾರನ್ನೋ ಕೊಂದ್ಹಾಕ್ತು ಅಂತ ಯಾರೂ ಹೇಳ್ತಿಲ್ಲ. ನಂಗೆ ಇದೇ ಬೇಕು."

ಮಾಘದ ಕೊನೆಗೆ ಕಲಿಕೆ ಶುರುವಾಯಿತು. ಬಡಾವಣೆಯ ತುದಿಯಲ್ಲಿ ಇನ್ನೂ ಮನೆ ಎದ್ದಿರದ ಒಂದು ಬಯಲಿತ್ತು, ಪಕ್ಕದಲ್ಲಿ ಒಂದು ಕಾಂಪೌಂಡ್ ಗೋಡೆ. ಮೊದಲ ಮೂರು ದಿನ ಗೋಡೆ ಹಿಡಿದು ನಿಂತಲ್ಲೇ ಪಾಠ. ಮುಂಗಾಲನ್ನು ಪೆಡಲ್ ಮೇಲಿಟ್ಟು ಒತ್ತುವುದು, ಟಕ್. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸುವುದು, ಟಕ್.

"ಮೇಲಕ್ಕೆ ಎಳೀಬೇಡಿ ಆಂಟಿ. ಎಳೆದ್ರೆ ಇನ್ನೂ ಗಟ್ಟಿ ಹಿಡ್ಕೊಳ್ಳತ್ತೆ. ಹಿಮ್ಮಡಿ ಆಚೆಗೆ ತಿರುಗ್ಸಿ, ಅಷ್ಟೇ."

ಗೋಡೆ ಇರುವವರೆಗೆ ಎಲ್ಲ ಸುಲಭವಾಗಿತ್ತು. ನಾಲ್ಕನೆಯ ದಿನ ಗೋಡೆ ಬಿಟ್ಟಳು. ಬಯಲಿಗೆ ಒಂದು ಸುತ್ತು ಹೊಡೆದಳು, ಎರಡು ಸುತ್ತು ಹೊಡೆದಳು. ನಿಲ್ಲಿಸಬೇಕಾಯಿತು. ಬ್ರೇಕ್ ಹಿಡಿದಳು. ಸೈಕಲ್ ನಿಂತಿತು. ಕಾಲು ಕೆಳಗೆ ಬರಲಿಲ್ಲ. ಹಳೆಯ ಅಭ್ಯಾಸದಂತೆ ಪಾದ ಮೇಲಕ್ಕೇ ಜಗ್ಗುತ್ತಿತ್ತು. ನಿಂತ ಸೈಕಲ್ಲಿನ ಮೇಲೆ ಒಂದು ಗಳಿಗೆ ಹಾಗೇ ಕೂತಿದ್ದು, ಆಮೇಲೆ ಅಕ್ಕಿ ಮೂಟೆ ಉರುಳಿದ ಹಾಗೆ ಪಕ್ಕಕ್ಕೆ ಉರುಳಿದಳು.

ಮಣ್ಣಿನಲ್ಲಿ ಬಿದ್ದಿದ್ದ ಆ ಗಳಿಗೆ ಅವಳಿಗೆ ಕೆಂಪಯ್ಯನ ಮಾತೇ ನಿಜವೆನಿಸಿತು. ಹೀಗೆಯೇ. ಹೀಗೆಯೇ ಜಗ್ಗಿರಬೇಕು. ಧರಣಿ ಓಡಿ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು.

"ಪೆಟ್ಟಾಯ್ತಾ?"

"ಇಲ್ಲ. ಎತ್ತು ನನ್ನ. ಇನ್ನೊಂದ್ಸಲ."

ಆ ವಾರ ಹನ್ನೊಂದು ಸಲ ಬಿದ್ದಳು. ಮೊಣಕೈ ಕಂದಿತು, ತೊಡೆ ನೀಲಿಗಟ್ಟಿತು. ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಮನೆದೇವರಿಗೆ ದೀಪ ಹಚ್ಚಿ, ಗಂಡನ ಪಟಕ್ಕೆ ಕೈಮುಗಿದು, ಸೀರೆ ಬಿಟ್ಟು ಚೂಡಿದಾರ್ ತೊಟ್ಟು ಹೊರಡುತ್ತಿದ್ದಳು. ಬೀದಿ ನೋಡುತ್ತಿತ್ತು.

"ಏನ್ ಲಕ್ಷ್ಮಮ್ಮನೋರೆ, ಈ ವಯಸ್ಸಲ್ಲಿ ಸರ್ಕಸ್ಸಾ?" ಎಂದು ಎದುರುಮನೆಯಾಕೆ ರಂಗೋಲಿ ಡಬ್ಬಿ ಹಿಡಿದುಕೊಂಡು ಕೇಳಿದಳು.

"ಹೂಂ ಕಣ್ರೀ. ಪುಕ್ಸಟ್ಟೆ ನೋಡ್ತಾ ಇದೀರ, ಒಂದು ಚಪ್ಪಾಳೆನಾದ್ರೂ ಹೊಡೀರಿ."

ಸುದ್ದಿ ಕೆಂಪಯ್ಯನಿಗೆ ಮುಟ್ಟದೆ ಇದ್ದೀತೆ? ಒಂದು ಬೆಳಿಗ್ಗೆ ಅವನು ಬಯಲಿಗೇ ಬಂದು ನಿಂತ. ಅವಳ ಕಾಲಲ್ಲಿ ಆ ಜೋಡು ಕಂಡು ಅವನ ಮುಖ ಕಪ್ಪಿಟ್ಟಿತು.

"ಗಂಡನ ಜೋಡು ಅಂದ್ರೆ ದೇವ್ರ ಕೋಣೇಲಿಟ್ಟು ಹೂವ ಇಡ್ಬೇಕು ಕಣಮ್ಮ. ಕಾಲಿಗೆ ಮೆಟ್ಕಂಡು ಬೀದಿ ಸುತ್ತೋದಾ?"

"ಅಂಥಾ ಪೂಜೆ ಜೋಡನ್ನ ದಾನದ ತಟ್ಟೇಲಿ ಇಟ್ಟೋರ್ಯಾರು ಭಾವ?"

"ಅದು... ಅದು ಬೇರೆ ಮಾತು. ವರ್ಷ ತುಂಬಿಲ್ಲ. ಜನ ಏನಂತಾರೆ?"

"ಜನ ಅನ್ನೋದನ್ನ ನೀವೇ ಹೇಳ್ಕೊಟ್ರಲ್ಲ. ಒದ್ದಾಡಿ ಸತ್ತ ಅಂತ. ನೀವು ನೋಡಿದ್ರಾ?"

"ನಾನ್ ನೋಡ್ಬೇಕಾ? ಜೋಡೇ ಹೇಳ್ತಿತ್ತು."

"ಅದೇ ಜೋಡನ್ನ ನಾನೂ ಕೇಳ್ತಿದೀನಿ. ನಿಮಗೆ ಒಂಥರಾ ಹೇಳಿದ್ರೆ ನಂಗೂ ಅದೇ ಹೇಳಲಿ. ಆಗ ನಾನೇ ಇದನ್ನ ತಗೊಂಡೋಗಿ ಹೊಳೆಗೆ ಹಾಕ್ತೀನಿ. ಅಲ್ಲಿವರ್ಗೂ ನೀವು ಅಡ್ಡ ಬರ್ಬೇಡಿ."

ಗಂಡನ ಅಣ್ಣನ ಮುಂದೆ ಅವಳು ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಕೆಂಪಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಧರಣಿ ಬೇರೆ ಕಡೆ ಮುಖ ತಿರುಗಿಸಿ ತನ್ನ ಸೈಕಲ್ಲಿನ ಚೈನ್ ಒರೆಸುತ್ತಿದ್ದಳು. ಅದು ಆಗಲೇ ಸಾಕಷ್ಟು ಒರೆಸಿದ ಚೈನು.

ಚೈತ್ರದ ಹೊತ್ತಿಗೆ ಬೀಳುವುದು ನಿಂತಿತು. ಆಮೇಲೆ ಧರಣಿ ಅವಳನ್ನು ರಸ್ತೆಗೆ ಕರೆದುಕೊಂಡು ಹೋದಳು, ಅಲ್ಲಿಂದ ಊರಾಚೆಯ ಮಣ್ಣುದಾರಿಗೆ. ಜಲ್ಲಿಯಲ್ಲಿ, ಕೊರಕಲಿನಲ್ಲಿ ಪಾದ ಪೆಡಲ್ ಬಿಟ್ಟು ಹಾರುವುದಿಲ್ಲ, ಆ ಜೋಡಿನ ಉಪಕಾರ ಅದು ಎಂದು ಅವಳಿಗೆ ತಿಳಿಯಿತು. ಏರು ಬಂದಾಗ ಹಿಂದಿನ ಕಾಲನ್ನು ಮೇಲಕ್ಕೆತ್ತಿದರೆ ಸೈಕಲ್ ಮುಂದಕ್ಕೆ ಹಾಯುತ್ತಿತ್ತು. ಗಂಡ ಹೇಳಿದ್ದು ಇದನ್ನೇ. ಗೊತ್ತಾಯಿತು ಕಣ್ರೀ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಆದರೆ ಕೇಳಬೇಕಾದ ಪ್ರಶ್ನೆಗೆ ಬಯಲಿನಲ್ಲಿ ಉತ್ತರವಿರಲಿಲ್ಲ. ಸಮತಟ್ಟು ನೆಲದಲ್ಲಿ, ಉಸಿರು ಇರುವಾಗ ಕಾಲು ಬಿಡಿಸಿಕೊಳ್ಳುವುದು ಬೇರೆ. ಎದೆ ಒಡೆಯುವ ಏರಿನಲ್ಲಿ, ಏನೂ ತೋಚದಾಗ ಬಿಡಿಸಿಕೊಳ್ಳುವುದು ಬೇರೆ.

"ಹನುಮಪ್ಪನ ಏರಿಗೆ ಹೋಗೋಣ" ಎಂದಳು.

ಧರಣಿ ತನ್ನ ಸೈಕಲ್ ನಿಲ್ಲಿಸಿದಳು. "ಡಾಕ್ಟರ್ ಹತ್ರ ತೋರ್ಸಿಕೊಂಡು ಬನ್ನಿ. ಆಮೇಲೆ" ಎಂದಳು. ಲಕ್ಷ್ಮಮ್ಮ ತೋರಿಸಿಕೊಂಡು ಬಂದಳು. ಎದೆ ಗಟ್ಟಿಯಾಗಿತ್ತು.

ಅವರು ಹೋದ ಭಾನುವಾರ ಗುಡ್ಡದ ಬುಡದಲ್ಲಿ ಮಹೇಶನ ಕಾರು ನಿಂತಿತ್ತು. ಕೆಂಪಯ್ಯ ಬಾಗಿಲು ತೆಗೆದು ಕೆಳಗಿಳಿದ. ಯಾರು ಹೇಳಿದ್ದರೋ ಏನೋ.

"ಬ್ಯಾಡ ಕಣಮ್ಮ" ಎಂದ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. "ಒಬ್ಬ ಹೋದ್ನಲ್ಲ, ಸಾಕು. ನಿಂಗೇನಾದ್ರೂ ಆದ್ರೆ ನಾನ್ ಯಾರ್ ಮುಂದೆ ಅಳ್ಳಿ?"

ಲಕ್ಷ್ಮಮ್ಮನ ಮನಸ್ಸು ಕರಗಿತು. ಆದರೆ ಸೈಕಲ್ಲಿನಿಂದ ಇಳಿಯಲಿಲ್ಲ. "ಇಲ್ಲೇ ನಿಂತು ನೋಡಿ ಭಾವ" ಎಂದು ಎಡಗಾಲನ್ನು ಪೆಡಲ್ ಮೇಲೆ ಒತ್ತಿದಳು. ಟಕ್. ಬಲಗಾಲು. ಟಕ್.

ಏರು ಮೊದಲು ಮೆತ್ತಗಿತ್ತು. ಆಮೇಲೆ ಕೆಂಪು ಮಣ್ಣಿನಲ್ಲಿ ಮಳೆನೀರು ಕೊರೆದ ಜಾಡುಗಳು ಬಂದವು. ಅವಳು ಬಾಯಲ್ಲಿ ಹನುಮಪ್ಪನ ಹೆಸರು ಹೇಳುತ್ತ ತುಳಿದಳು. ಮೊದಲು ಗಟ್ಟಿಯಾಗಿ, ಆಮೇಲೆ ಪಿಸುದನಿಯಲ್ಲಿ, ಆಮೇಲೆ ಹೆಸರಿಗೂ ಉಸಿರು ಉಳಿಯಲಿಲ್ಲ. ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಹೊಂಗೆ ಮರ ಕಂಡಿತು. ಅದನ್ನು ದಾಟಿಬಿಡಬೇಕೆಂದು ಎದ್ದು ನಿಂತು ಒಂದು ಸಲ ತುಳಿದಳು, ಎರಡು ಸಲ ತುಳಿದಳು. ಮೂರನೆಯದಕ್ಕೆ ಗಾಲಿ ತಿರುಗಲಿಲ್ಲ. ಕಣ್ಣು ಕತ್ತಲಿಟ್ಟಿತು.

ಏನಾಯಿತೆಂದು ಅವಳಿಗೆ ತಿಳಿಯುವ ಮೊದಲೇ ಎಲ್ಲ ಆಗಿಹೋಗಿತ್ತು. ಎಡ ಹಿಮ್ಮಡಿ ತಾನಾಗಿಯೇ ಹೊರಕ್ಕೆ ತಿರುಗಿ, ಪಾದ ನೆಲ ಮುಟ್ಟಿತ್ತು. ಅವಳು ಹೊಂಗೆಯ ನೆರಳಿನಲ್ಲಿ ಒಂದು ಕಾಲೂರಿ ನಿಂತಿದ್ದಳು. ಮಿದುಳು ಹೇಳಿರಲಿಲ್ಲ, ಕಾಲೇ ಮಾಡಿತ್ತು.

ಕೆಳಗಿನಿಂದ ಕೆಂಪಯ್ಯ ಪಂಚೆ ಎತ್ತಿ ಹಿಡಿದುಕೊಂಡು ಓಡಿ ಬರುತ್ತಿದ್ದ. "ಸಿಕ್ಹಾಕ್ಕಂತಾ? ಸಿಕ್ಹಾಕ್ಕಂತಾ ಕಾಲು?" ಏದುಸಿರು ಬಿಡುತ್ತ ಬಂದವನೇ ಬಗ್ಗಿ, ಪೆಡಲ್ ಮೇಲೆ ಕಚ್ಚಿಕೊಂಡಿದ್ದ ಅವಳ ಬಲಗಾಲಿನ ಜೋಡನ್ನು ಎರಡೂ ಕೈಯಿಂದ ಹಿಡಿದು ಜಗ್ಗತೊಡಗಿದ.

ಆಗ ಲಕ್ಷ್ಮಮ್ಮ ತನ್ನ ಬಲಗಾಲನ್ನು ನೋಡಿದಳು. ನೂರು ಸಲ ಹಾಗೆ ನಿಂತಿದ್ದಳು. ನೂರು ಸಲವೂ ಕಾಣದ್ದು ಆಗ ಕಂಡಿತು.

"ಬುಡಿ ಭಾವ, ಎಳೀಬೇಡಿ. ಎಳೆದ್ರೆ ಬರಲ್ಲ. ಚೆಲುವಯ್ಯನೂ ಎಳೆದಿದ್ದು."

"ಮತ್ತೆ?"

"ನಾನು ಸಿಕ್ಹಾಕ್ಕೊಂಡಿಲ್ಲ. ನಿಂತಿದೀನಿ. ಸೈಕಲ್ ನಿಲ್ಸೋವಾಗ ಒಂದೇ ಕಾಲು ತಗೀತಾರೆ ಭಾವ, ಎಡಗಾಲು. ಇನ್ನೊಂದು ಅಲ್ಲೇ ಇರ್ತದೆ, ಉಸಿರು ಬಂದ್ಮೇಲೆ ಮತ್ತೆ ಹೊರಡೋಕೆ. ಬೀಳೋರಿಗೆ ಎರಡೂ ಕಾಲು ಕಚ್ಕೊಂಡಿರ್ತವೆ. ನಾನು ಎಷ್ಟೋ ಸಲ ಬಿದ್ದಿದೀನಿ, ನಂಗೊತ್ತು." ನೆಲಕ್ಕೂರಿದ್ದ ತನ್ನ ಎಡಗಾಲನ್ನು ತೋರಿಸಿದಳು. "ಅವರ ಎಡಗಾಲು ಬಿಟ್ಟಿತ್ತು ಭಾವ. ಅವರು ಬಿದ್ದು ಸಾಯ್ಲಿಲ್ಲ. ದಣಿವಾರಿಸ್ಕೊಳ್ಳೋಕೆ ಇಲ್ಲಿ ನಿಂತ್ರು. ಪ್ರತಿ ಭಾನುವಾರ ನಿಲ್ಲೋ ಹಂಗೇ, ನೆಲಕ್ಕೆ ಕಾಲೂರಿ ನಿಂತ್ರು. ಎದೆ ಆಮೇಲೆ ನಿಂತದ್ದು."

ಎಂದು ಹಿಮ್ಮಡಿಯನ್ನು ಒಂದಿಷ್ಟು ತಿರುಗಿಸಿದಳು. ಟಕ್. ಬಲಗಾಲೂ ನೆಲಕ್ಕೆ ಬಂತು.

ಕೆಂಪಯ್ಯ ಆ ಪೆಡಲನ್ನೇ ನೋಡಿದ. ಕೈಯಿಂದ ಒಂದು ಸಲ ಅದನ್ನು ತಿರುಗಿಸಿ ನೋಡಿದ. ಆಮೇಲೆ ಮಣ್ಣಿನಲ್ಲೇ ಕೂತುಬಿಟ್ಟ.

"ಅಂದ್ರೆ ಅವ್ನು ಒದ್ದಾಡ್ನಿಲ್ವಾ?"

"ಇಲ್ಲ."

"ನಿಜ ಹೇಳು ಕಣಮ್ಮ."

"ನೋವಾಯ್ತೋ ಇಲ್ವೋ ನಂಗೆ ಗೊತ್ತಿಲ್ಲ ಭಾವ. ಅದು ದೇವ್ರಿಗೆ ಗೊತ್ತು. ಆದ್ರೆ ಕಟ್ಟಾಕಿದ ಕರು ಥರ ಸಾಯ್ಲಿಲ್ಲ. ಆ ಮಾತು ಇನ್ನು ಯಾರ ಬಾಯಲ್ಲೂ ಬರಕೂಡ್ದು. ನಿಮ್ಮ ಬಾಯಲ್ಲಂತೂ ಬರ್ಲೇಬಾರ್ದು."

ಕೆಂಪಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ನಾಲ್ಕು ತಿಂಗಳು ಬೈದೇ ಕಳೆದವನು ಅಂದು ಮೊದಲ ಸಲ ಅತ್ತ. ಹಿಂದೆ ಬಂದು ನಿಂತಿದ್ದ ಧರಣಿ ಅವನಿಗೆ ನೀರಿನ ಬಾಟಲಿ ಕೊಟ್ಟಳು.

ಅಷ್ಟು ಕಡಿದಾದ ಏರಿನಲ್ಲಿ ನಿಂತ ಮೇಲೆ ಮತ್ತೆ ಹತ್ತಿ ಹೊರಡಲು ಆಗಲಿಲ್ಲ. ಲಕ್ಷ್ಮಮ್ಮ ಎರಡು ಸಲ ಪ್ರಯತ್ನಿಸಿ, ಕೊನೆಗೆ ಸೈಕಲ್ ತಳ್ಳಿಕೊಂಡೇ ಮೇಲೆ ಹೋದಳು. ವರ್ಷ ತುಂಬದೆ ಗುಡಿಯ ಹೊಸ್ತಿಲು ತುಳಿಯಬಾರದು. ಆ ನಿಯಮವನ್ನು ಅವಳು ಮುರಿಯಲಿಲ್ಲ. ಅಂಗಳದ ಹೊರಗೇ ನಿಂತಳು. ಬಾಗಿಲು ತೆರೆದಿತ್ತು. ಒಳಗೆ ಸಿಂಧೂರ ಮೆತ್ತಿದ ಹನುಮಪ್ಪ ಮಸುಕಾಗಿ ಕಾಣುತ್ತಿದ್ದ. ದೇವರ ಎದುರಿಗೆ ಜೋಡು ಬಿಚ್ಚಿಟ್ಟು, ಬರಿಗಾಲಲ್ಲಿ ಬಿಸಿ ಮಣ್ಣಿನ ಮೇಲೆ ನಿಂತು ಕೈಮುಗಿದಳು.

"ಹನುಮಪ್ಪ, ನನ್ನ ತಂದೆ. ಗಂಡ ಸತ್ತೋಳು ಹೀಗೆಲ್ಲ ಬರಬಾರದು ಅಂತಾರೆ. ತಪ್ಪಿದ್ದರೆ ನನ್ನನ್ನ ಕೇಳು, ಅವರನ್ನ ಕೇಳಬೇಡ. ಅವರು ನಿನ್ನ ಹತ್ತಿರ ಬರ್ತಾ ಬರ್ತಾ ನಿಂತೋರು. ಅರ್ಧ ದಾರಿಗೇ ನಿಂತರು ಅಂತ ಲೋಪ ಎಣಿಸಬೇಡ. ಉಳಿದ ದಾರಿ ನೀನೇ ಕೈ ಹಿಡಿದು ಹತ್ತಿಸು. ಅವರ ಉಸಿರು ಹಗುರಾಗಲಿ, ದಣಿವು ಆರಲಿ, ಅವರು ಹೋದ ಕಡೆ ತಂಪಿರಲಿ. ನನ್ನ ಯಜಮಾನರ ಆತ್ಮಕ್ಕೆ ಶಾಂತಿ ಕೊಡಪ್ಪ."